ಲಾಂಚಿನ ಮೇಲಿನ ಕಟ್ಟೆಪುರಾಣ

2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ಸಂಚಾರಕ್ಕೆ ತೆರೆಯಿತು. ಶರಾವತಿ ಹಿನ್ನೀರಿನ ಮೇಲೆ 2.44 ಕಿಲೋಮೀಟರ್ ಉದ್ದದ ಸೇತುವೆ. ನಡುಭಾಗವನ್ನು ಉಕ್ಕಿನ ಕೇಬಲ್‌ಗಳು ಎತ್ತಿ ಹಿಡಿದಿವೆ. ಖರ್ಚಾದದ್ದು 470 ಕೋಟಿ ರೂಪಾಯಿಗೂ ಹೆಚ್ಚು. ಕೇಂದ್ರ ಸಚಿವ ನಿತಿನ್ ಗಡ್ಕರಿ ಬಂದು ಉದ್ಘಾಟಿಸಿದರು. ಆರು ದಶಕ ಕಾದ ಕರೂರು ಹೋಬಳಿಯ ಜನಕ್ಕೆ ಅದು ದೊಡ್ಡ ಹಬ್ಬದ ದಿನ. ನನಗೂ ಹಾಗೇ. ಈ ಸೇತುವೆಗಾಗಿ ಅರ್ಜಿ ಬರೆದವರು, ಪಾದಯಾತ್ರೆ ಮಾಡಿದವರು, ಕಾದು ಕಾದು ಕಣ್ಣು ಮುಚ್ಚಿದವರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ.

ಅಂದಿನಿಂದ ಹೊಳೆಬಾಗಿಲಿನ ದಡದಲ್ಲಿ ಹೊಳೆ ದಾಟಿಸುವ ಲಾಂಚಿಗಾಗಿ ಯಾರೂ ಕಾಯಬೇಕಾಗಿಲ್ಲ. ಕಾಯುವುದು ನಿಂತಾಗ ಅದರ ಜೊತೆ ಇನ್ನೊಂದು ಸಂಗತಿಯೂ ನಿಂತಿತು. ದಿನಾ ಹೊಳೆ ದಾಟುತ್ತಿದ್ದ ನಾವು ಒಬ್ಬರನ್ನೊಬ್ಬರು ಕಿಚಾಯಿಸುತ್ತಿದ್ದ ಕುಶಾಲು ಅದು. ಉದ್ಘಾಟನೆಯ ಭಾಷಣಗಳಲ್ಲಿ ಅದರ ಮಾತು ಬರಲಿಲ್ಲ, ಬರುವ ಜಾಗವೂ ಅದಲ್ಲ. ಆದರೆ ಆ ಕುಶಾಲು ನಮ್ಮ ಸೀಮೆಯಲ್ಲಿ ಏನು ಕೆಲಸ ಮಾಡುತ್ತಿತ್ತು ಎಂಬುದನ್ನು ಕಣ್ಣಾರೆ ಕಂಡವರು ಹೇಳಬೇಕು. ಇಲ್ಲದಿದ್ದರೆ ಮುಂದಿನವರಿಗೆ ಲಾಂಚ್ ಎಂದರೆ ಬರೀ ತಾಪತ್ರಯ ಎಂದಷ್ಟೇ ತಿಳಿದೀತು.

ಹೊರಗಿನವರಿಗಾಗಿ ಎರಡು ಮಾತು. ತುಮರಿ, ಬ್ಯಾಕೋಡು, ಸಿಗಂದೂರು, ಕುದರೂರು, ಚನ್ನಗೊಂಡ ಇವೆಲ್ಲ ಸಾಗರ ತಾಲ್ಲೂಕಿನ ಊರುಗಳೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಎದ್ದಾಗ ಶರಾವತಿಯ ನೀರು ಹಿಂದಕ್ಕೆ ಹರಡಿ ಗದ್ದೆ, ತೋಟ, ರಸ್ತೆ, ದೇವಸ್ಥಾನಗಳನ್ನೆಲ್ಲ ನುಂಗಿತು. ಅದಕ್ಕೂ ಮೊದಲು ಕಟ್ಟಿದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆ ಕೂಡ ಆ ನೀರಿನಲ್ಲೇ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಅದರ ಸಾಲು ಇವತ್ತಿಗೂ ಮೇಲೆ ಕಾಣುತ್ತದೆ. ಸಾವಿರಾರು ಮನೆಯವರು ಗಂಟುಮೂಟೆ ಕಟ್ಟಿ ಎಲ್ಲೆಲ್ಲಿಗೋ ಹೋದರು. ಉಳಿದವರು ನೀರು ಮತ್ತು ಕಾಡಿನ ನಡುವೆ ಸಿಕ್ಕಿಕೊಂಡರು. ಸಾಗರಕ್ಕೆ ಹೋಗಲು ಹೊಳೆ ದಾಟಬೇಕಿತ್ತು, ಇಲ್ಲವಾದರೆ ನಿಟ್ಟೂರು, ಹೊಸನಗರದ ಮೇಲೆ ದುಪ್ಪಟ್ಟು ದಾರಿ ಸುತ್ತಬೇಕಿತ್ತು. ಆ ನೀರಿನ ವಿದ್ಯುತ್ತಿನಿಂದ ನಾಡಿಗೆ ಬೆಳಕು ಕೊಟ್ಟ ಸೀಮೆಯ ಮನೆಗಳಲ್ಲಿ ಎಷ್ಟೋ ವರ್ಷ ಚಿಮಣಿ ದೀಪವೇ ಉರಿಯಿತು.

ಸಾಗರದವರೇ ಆದ ನಾ. ಡಿಸೋಜ ಈ ದುಃಖವನ್ನು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಬರೆದರು. ‘ದ್ವೀಪ’ವನ್ನು ಗಿರೀಶ್ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದರು. ಡಿಸೋಜ ಅವರು ಸೇತುವೆ ಉದ್ಘಾಟನೆಯಾಗುವ ಕೆಲವೇ ತಿಂಗಳು ಮೊದಲು, 2025ರ ಜನವರಿ 5ರಂದು ತೀರಿಕೊಂಡರು. ಮುಳುಗಡೆಯ ಕಣ್ಣೀರನ್ನು ಅವರು ನಾಡಿಗೆಲ್ಲ ಕಾಣಿಸಿಕೊಟ್ಟರು. ಆ ಕಣ್ಣೀರಿನ ಪಕ್ಕದಲ್ಲೇ ನಮ್ಮಲ್ಲಿ ದಿನಾ ಹುಟ್ಟುತ್ತಿದ್ದ ನಗುವಿನ ಬಗ್ಗೆ ನಾನು ಬರೆಯುತ್ತಿದ್ದೇನೆ.

ಲಾಂಚ್ ಎಂದರೆ ಕಬ್ಬಿಣದ ಅಗಲವಾದ ತಟ್ಟು, ಸುತ್ತ ಸರಳಿನ ಕಟಾಂಜನ, ಅಂಚಿಗೆ ಕೂರುವ ಪಟ್ಟಿ, ಮೇಲೆ ಡ್ರೈವರ್ ನಿಲ್ಲುವ ಗೂಡು. ದಡ ಮುಟ್ಟಿದಾಗ ಮುಂದಿನ ಹಲಗೆ ಇಳಿಸುತ್ತಿದ್ದರು. ಕಾರು, ಜೀಪು, ಮಿನಿ ಬಸ್ಸು ಹತ್ತುತ್ತಿದ್ದವು. ಉಳಿದ ಸಂದಿಯಲ್ಲಿ ಬೈಕು, ಹಾಲಿನ ಕ್ಯಾನು, ಅಡಿಕೆ ಚೀಲ, ಗೊಬ್ಬರದ ಮೂಟೆ, ನಾವು. ಆಚೆ ದಡಕ್ಕೆ ಹೆಚ್ಚೆಂದರೆ ಇಪ್ಪತ್ತು ನಿಮಿಷ. ಆದರೆ ಲಾಂಚ್ ಆ ಕಡೆ ಇದ್ದರೆ ಅದು ಬರುವ ತನಕ ಕಾಯಬೇಕಿತ್ತು, ವಾಹನ ಹೆಚ್ಚಿದ್ದರೆ ಇನ್ನೊಂದು ಸರದಿ ಕಾಯಬೇಕಿತ್ತು. ಹೀಗಾಗಿ ಸಾಗರಕ್ಕೆ ಹೋಗಿ ಬರುವವರ ದಿನದಲ್ಲಿ ಒಂದೆರಡು ತಾಸು ಹೊಳೆಯ ಪಾಲಾಗುತ್ತಿತ್ತು. ಆ ಹೊತ್ತನ್ನು ತುಂಬಿದ್ದು ಎಲೆಯಡಿಕೆಯ ಕವಳ ಮತ್ತು ಕುಶಾಲು.

ಬೆಳಿಗ್ಗೆಯ ಮೊದಲ ಲಾಂಚಿನಲ್ಲಿ ಯಾರಿರುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಸಾಗರದ ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು, ತಾಲ್ಲೂಕು ಕಚೇರಿಗೆ ಮತ್ತೆ ಮತ್ತೆ ಅಲೆಯುವ ಹಕ್ಕುಪತ್ರದ ಅರ್ಜಿದಾರರು, ಅಡಿಕೆ ಮಾರಾಟದ ಸಹಕಾರಿ ಸಂಘ ಆಪ್ಸ್‌ಕೋಸಿಗೆ ಅಡಿಕೆ ಹಾಕುವವರು, ಆಸ್ಪತ್ರೆಗೆ ಹೊರಟವರು. ಎದುರಿನಿಂದ ಬರುವ ಲಾಂಚಿನಲ್ಲಿ ತುಮರಿ, ಬ್ಯಾಕೋಡಿನ ಮೇಷ್ಟ್ರುಗಳು, ಬ್ಯಾಂಕಿನವರು, ಲೈನ್‌ಮನ್, ನರ್ಸಮ್ಮ. ಪ್ರತಿಯೊಬ್ಬರಿಗೂ ತಮ್ಮ ತಮ್ಮ ಜಾಗ ಇತ್ತು. ಹೆಂಗಸರು ಗೂಡಿನ ಕೆಳಗೆ ನೆರಳಿನಲ್ಲಿ, ಹಿರಿಯರು ಅಂಚಿನ ಪಟ್ಟಿಯ ಮೇಲೆ, ಹುಡುಗರು ಹಲಗೆಯ ಹತ್ತಿರ. ಒಬ್ಬ ಬರದಿದ್ದರೆ ಅವನ ಜಾಗ ಖಾಲಿ ಕಾಣುತ್ತಿತ್ತು. ಯಾಕೆ ಬರಲಿಲ್ಲ ಎಂಬ ವಿಚಾರಣೆ ಆ ದಡ ಸೇರುವುದರೊಳಗೆ ಮುಗಿಯುತ್ತಿತ್ತು.

ತಡವಾಗಿ ಓಡಿ ಬರುವವನಿಗೆ ಮೊದಲ ಪೂಜೆ. ಹಲಗೆ ಎತ್ತಿ ಲಾಂಚ್ ನಾಲ್ಕು ಮಾರು ಸರಿದಿರುತ್ತದೆ. ದಿಬ್ಬದ ಮೇಲಿನಿಂದ ಪಂಚೆ ಎತ್ತಿಕಟ್ಟಿ ಒಬ್ಬರು ಇಳಿದು ಬರುತ್ತಿದ್ದಾರೆ. “ಈಜಿ ಬಾ ಭಾವ, ಅರ್ಧ ಹೊಳೆಗೆ ಟಿಕೆಟ್ ಬೇಡ!” ಎಂದು ಇಲ್ಲಿಂದ ಕೂಗು. “ನಿಧಾನ, ನಿಧಾನ, ನಾಳೆ ಲಾಂಚೂ ಇದೇ ದಾರೀಲಿ ಹೋಗ್ತದೆ” ಎಂದು ಇನ್ನೊಬ್ಬರು. ಇಷ್ಟು ಹೊತ್ತಿಗೆ ಡ್ರೈವರ್ ಏನೂ ಮಾತಾಡದೆ ಲಾಂಚನ್ನು ಹಿಂದಕ್ಕೆ ತಂದಿರುತ್ತಿದ್ದರು. ಹತ್ತಿದವರು ಏದುಸಿರು ಬಿಡುತ್ತಲೇ ಸಂಚಿ ಬಿಚ್ಚಿ ಪಟ್ಟಿಯ ಮೇಲಿನವರಿಗೆಲ್ಲ ಕವಳ ಕೊಡಬೇಕು. ಅದು ದಂಡ. ಅದನ್ನು ಯಾರೂ ವಿಧಿಸಿದ್ದಲ್ಲ, ಯಾರೂ ತಪ್ಪಿಸಿದ್ದೂ ಇಲ್ಲ. ಗೂಡಿನಲ್ಲಿದ್ದ ಡ್ರೈವರಿಗೆ ಮೊದಲ ಕವಳ ಹೋಗುತ್ತಿತ್ತು.

ಸಂಜೆಯ ಲಾಂಚಿನ ಕುಶಾಲಿಗೆ ಬೇರೆ ರುಚಿ. ಸಾಗರದಿಂದ ವಾಪಸು ಬರುವವರ ಕೈಚೀಲ ನೋಡಿದರೆ ಅಡಿಕೆಯ ಧಾರಣೆ ಗೊತ್ತಾಗುತ್ತದೆ ಎಂಬುದು ಪಟ್ಟಿಯ ಮೇಲಿನ ಶಾಸ್ತ್ರ. ಕುಶಾಲೆಲ್ಲ ಅಡಿಕೆಯ ದರ್ಜೆಗಳ ಹೆಸರು ಹಿಡಿದೇ. ಜವಳಿ ಅಂಗಡಿಯ ಚೀಲ ಇದ್ದರೆ “ಓಹೋ, ಇವತ್ತು ರಾಶಿ ಇಡಿ”, ಬೇಕರಿಯ ಪೊಟ್ಟಣ ಇದ್ದರೆ “ಚಾಲಿ, ಅಡ್ಡಿಲ್ಲ”, ಬರಿಗೈಯಲ್ಲಿ ಬಂದರೆ “ಸಿಪ್ಪೆಗೋಟು, ಪಾಪ, ಮಾತಾಡಿಸಬೇಡಿ”. ಬರಿಗೈಯವರು ಸುಮ್ಮನಿರುತ್ತಿರಲಿಲ್ಲ. “ಸಿಪ್ಪೆಗೋಟು ಸುಲಿದರೆ ಒಳಗೆ ಅಡಿಕೆಯಾದ್ರೂ ಇರ್ತದೆ, ನಿಮ್ಮನ್ನ ಸುಲಿದರೆ ಬರೀ ಸಿಪ್ಪೆ” ಎಂದು ತಿರುಗಿಸುತ್ತಿದ್ದರು. ಲಾಂಚಿಡೀ ನಗು. ಧಾರಣೆ ಬಿದ್ದ ಸಂಕಟ ಆ ನಗುವಿನಲ್ಲಿ ಸ್ವಲ್ಪ ಹಗುರಾಗುತ್ತಿತ್ತು, ಜೊತೆಗೆ ಆ ದಿನದ ಮಂಡಿಯ ಧಾರಣೆ ಇಡೀ ಹೋಬಳಿಗೆ ತಿಳಿದುಹೋಗುತ್ತಿತ್ತು.

ನಾನು ಬಹಳ ಗೌರವದಿಂದ ನೆನೆಯುವುದು ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಒಬ್ಬ ಕೊನೆಗೌಡರನ್ನು. ಅಡಿಕೆ ಕೊಯ್ಲಿನ ದಿನಗಳಲ್ಲಿ ಕೊನೆಗೌಡರಿಗೆ ಇರುವ ಬೇಡಿಕೆ ಮಲೆನಾಡಿನವರಿಗೆಲ್ಲ ಗೊತ್ತು. ಹತ್ತು ತೋಟದವರಿಗೆ “ನಾಳೆ ಬರ್ತೇನೆ” ಎಂದಿರುತ್ತಾರೆ, ಒಂದು ಕಡೆ ಮಾತ್ರ ಹೋಗಲು ಸಾಧ್ಯ. ಒಂದು ಬೆಳಿಗ್ಗೆ ದೊಡ್ಡ ತೋಟದ ಹೆಗಡೇರು ಪಟ್ಟಿಯ ಮೇಲಿಂದ ಕೇಳಿದರು. “ಎಂತ ಗೌಡ್ರೇ, ನೀವು ನಾಳೆ ಅಂದದ್ದು ಯಾವ ಪಂಚಾಂಗದ ನಾಳೆ?” ಎಲ್ಲರೂ ನಕ್ಕರು. ಗೌಡರು ಕವಳ ಉಗಿದು ಬಂದು, ಕೈ ಮುಗಿದು, ಬಹಳ ವಿನಯದಿಂದ ಹೇಳಿದರು. “ಹೋದ ವರ್ಷದ ಕೂಲಿ ಬಾಕಿ ಯಾವ ಪಂಚಾಂಗದ ನಾಳೆಗೆ ಕೊಡ್ತೀರೋ, ಅದೇ ಪಂಚಾಂಗ ಒಡೆಯಾ.” ಈ ಸಲದ ನಗು ಇನ್ನೂ ದೊಡ್ಡದು. ಹೆಗಡೇರೂ ನಕ್ಕರು. ನಗದೆ ಬೇರೆ ದಾರಿ ಇರಲಿಲ್ಲ. ಬಾಕಿ ಆ ವಾರವೇ ಚುಕ್ತಾ ಆಯಿತು.

ಅದೇ ಮಾತನ್ನು ಗೌಡರು ಹೆಗಡೇರ ಮನೆಯ ಅಂಗಳದಲ್ಲಿ ನಿಂತು ಹೇಳಿದ್ದರೆ ಜಗಳವಾಗುತ್ತಿತ್ತು, ಅಥವಾ ಗೌಡರು ಹೇಳುತ್ತಲೇ ಇರಲಿಲ್ಲ. ನಮ್ಮ ಸೀಮೆಯಲ್ಲಿ ಹವ್ಯಕರು, ದೀವರು, ಜೈನರು, ಮುಸ್ಲಿಮರು, ಕ್ರೈಸ್ತರು, ದಲಿತರು ಎಲ್ಲರೂ ಇದ್ದಾರೆ. ಅಂಗಳ, ಜಗಲಿ, ಒಳಮನೆಗಳ ಲೆಕ್ಕಾಚಾರ ಎಲ್ಲ ಕಡೆ ಇದ್ದಂತೆ ನಮ್ಮಲ್ಲೂ ಇತ್ತು. ಲಾಂಚಿನಲ್ಲಿ ಜಗಲಿಯೂ ಇರಲಿಲ್ಲ, ಒಳಮನೆಯೂ ಇರಲಿಲ್ಲ, ಇದ್ದದ್ದು ಒಂದೇ ತಟ್ಟು. ಅಲ್ಲಿ ಎಲ್ಲರೂ ಸಮ ಎಂದು ನಾನು ಹೇಳಲಾರೆ. ಮಾತಿಲ್ಲದೆ ಮೂಲೆಯಲ್ಲಿ ನಿಂತೇ ಹೊಳೆ ದಾಟಿದ ಹಿರಿಯರನ್ನೂ ನಾನು ಬಲ್ಲೆ. ಆದರೆ ಕೆಳಗಿನವನು ಮೇಲಿನವನಿಗೆ ನಾಲ್ಕು ಜನರ ಎದುರು ಸತ್ಯ ಹೇಳಬಹುದಾದ ಒಂದೇ ಜಾಗ ನಮ್ಮಲ್ಲಿ ಅದಾಗಿತ್ತು, ಮತ್ತು ಅದನ್ನು ಹೇಳಲು ಇದ್ದ ಒಂದೇ ರೀತಿ ಕುಶಾಲು. ಕೂಲಿ ಬಾಕಿ, ಬೇಲಿ ಸರಿಸಿದ್ದು, ಸೊಸೈಟಿಯ ಸಾಲ ತೀರಿಸದೇ ಇದ್ದದ್ದು, ಕುಡಿದು ಬಂದದ್ದು, ಎಲ್ಲವೂ ಪಂಚಾಯಿತಿ ಕಟ್ಟೆಗೆ ಹೋಗುವ ಮೊದಲು ಲಾಂಚಿನ ಪಟ್ಟಿಯ ಮೇಲೆ ತೀರ್ಮಾನವಾಗುತ್ತಿದ್ದವು.

ಹೆಂಗಸರ ಕುಶಾಲಿಗೆ ಬೇರೆಯೇ ವರಸೆ. ಅವರು ಗಂಡಸರನ್ನು ನೇರವಾಗಿ ಮಾತಾಡಿಸುತ್ತಿರಲಿಲ್ಲ. ತೊಡೆಯ ಮೇಲಿನ ಮಗುವಿಗೆ ಹೇಳುತ್ತಿದ್ದರು. “ಕೇಳಿದ್ಯನೇ ಕೂಸೇ, ನಿನ್ನ ಮಾವಯ್ಯ ಸಾಗರಕ್ಕೆ ಹೋಗಿ ಬೆಲ್ಲ ಮರೆತು ಬಂದನಂತೆ, ಇಸ್ಪೀಟು ಕಟ್ಟು ಮಾತ್ರ ನೆನಪಿತ್ತಂತೆ.” ಕೂಸು ಬಾಯಲ್ಲಿ ಬೆರಳಿಟ್ಟು ನೋಡುತ್ತಿತ್ತು, ಮಾವಯ್ಯ ಹೊಳೆಯ ಕಡೆ ಮುಖ ತಿರುಗಿಸುತ್ತಿದ್ದರು. ಭಾವ, ಅತ್ತಿಗೆ, ನಾದಿನಿಯರ ನಡುವೆ ಕೀಟಲೆಗೆ ಮನೆಯಲ್ಲೇ ಅನುಮತಿ ಇದೆ. ಲಾಂಚಿನಲ್ಲಿ ಆ ಅನುಮತಿ ಇಡೀ ಹೋಬಳಿಗೆ ಹಬ್ಬಿತ್ತು. ಯಾರಿಗೆ ಯಾರು ನಿಜವಾಗಿ ಭಾವ ಎಂದು ಯಾರೂ ಕೇಳುತ್ತಿರಲಿಲ್ಲ.

ಸಿಗಂದೂರು ಮೇಳದ ಯಕ್ಷಗಾನದ ಆಟವೋ, ಎಲ್ಲಾದರೂ ತಾಳಮದ್ದಳೆಯೋ ಆದ ಮರುದಿನ ಲಾಂಚ್ ರಂಗಸ್ಥಳವಾಗುತ್ತಿತ್ತು. ರಾತ್ರಿಯಿಡೀ ಅರ್ಥ ಕೇಳಿ ಬಂದವರ ಬಾಯಲ್ಲಿ ಆಡುಮಾತು ಬರುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ದಡದಿಂದ ಲಾಂಚಿನ ತನಕ ಕೆಸರು ತುಳಿದೇ ಬರಬೇಕಿತ್ತು. ಮೊಣಕಾಲ ತನಕ ಕೆಸರಾಗಿ ಹತ್ತಲು ಬಂದ ಮೇಷ್ಟ್ರೊಬ್ಬರಿಗೆ ಲಾಂಚಿನ ಕಲಾಸಿ ಅಡ್ಡ ನಿಂತು, “ಸ್ವಾಮೀ ರಾಘವಾ, ಪಾದ ತೊಳೆಯದೆ ಈ ಗುಹ ನಿಮ್ಮನ್ನು ನಾವೆಗೆ ಹತ್ತಿಸುವುದುಂಟೇ?” ಎಂದರು. ಮೇಷ್ಟ್ರು ಚಪ್ಪಲಿ ಕೈಯಲ್ಲಿ ಹಿಡಿದು, “ಗುಹಾ, ಪಾದುಕೆಯನ್ನು ಭರತನಿಗೆ ಕೊಡುವುದಕ್ಕೂ ಬಿಡದೆ ಈ ಕೆಸರು ನುಂಗಿತಲ್ಲಾ” ಎಂದರು. ನಿಜಕ್ಕೂ ಅವರ ಒಂದು ಚಪ್ಪಲಿ ಕೆಸರಿನಲ್ಲಿ ಹೂತುಹೋಗಿತ್ತು. ಕಲಾಸಿಯೇ ಇಳಿದು ಹುಡುಕಿ ತಂದುಕೊಟ್ಟರು.

ಹೊಸದಾಗಿ ವರ್ಗವಾಗಿ ಬಂದ ನೌಕರರಿಗೆ ಒಂದು ಪರೀಕ್ಷೆ ಇತ್ತು. ತುಮರಿ ಕಡೆಗೆ ಹಾಕಿದರೆಂದರೆ ಶಿಕ್ಷೆ ಎಂದು ಭಾವಿಸಿ ಬರುವವರೇ ಹೆಚ್ಚು. “ಮೇಷ್ಟ್ರೇ, ಹಾಸಿಗೆ ಸುರುಳಿ ಬಿಚ್ಚಿದ್ರಾ, ಕಟ್ಟೇ ಇಟ್ಟಿದ್ದೀರಾ?” ಎಂದು ಮೊದಲ ವಾರ ಕೇಳುತ್ತಿದ್ದರು. ಸಿಟ್ಟು ಮಾಡಿಕೊಂಡವರನ್ನು ಮತ್ತೆ ಯಾರೂ ಮಾತಾಡಿಸುತ್ತಿರಲಿಲ್ಲ. ಅವರು ಪ್ರಯಾಣಿಕರಾಗಿಯೇ ಉಳಿದು, ಒಂದು ದಿನ ಹೋಗಿಬಿಡುತ್ತಿದ್ದರು. ನಕ್ಕು ಉತ್ತರ ಕೊಟ್ಟವರಿಗೆ ಪಟ್ಟಿಯ ಮೇಲೆ ಜಾಗ ಸಿಗುತ್ತಿತ್ತು, ಮಳೆಗಾಲದಲ್ಲಿ ಬಾಡಿಗೆ ಮನೆಗೆ ಸೌದೆ, ಹಲಸಿನ ಹಪ್ಪಳ, ಅಪ್ಪೆಮಿಡಿ ಬರುತ್ತಿತ್ತು. ಹಾಗೆ ಉಳಿದುಕೊಂಡ ಮೇಷ್ಟ್ರೊಬ್ಬರು ಕೊನೆಗೆ ತಾವೇ ಹೊಸ ಡಾಕ್ಟರರಿಗೆ ಹಾಸಿಗೆ ಸುರುಳಿಯ ಪ್ರಶ್ನೆ ಕೇಳುವುದನ್ನು ನಾನು ಕೇಳಿಸಿಕೊಂಡಿದ್ದೇನೆ. ನಮ್ಮ ಶಾಲೆಗಳಿಗೆ ಒಳ್ಳೆಯ ಮೇಷ್ಟ್ರುಗಳು ಉಳಿದದ್ದರಲ್ಲಿ ಈ ಕುಶಾಲಿನ ಪಾಲೂ ಇದೆ ಎಂದು ನಾನು ನಂಬುತ್ತೇನೆ.

ಮತ ಕೇಳಲು ಬಂದವರೂ ತಪ್ಪಿಸಿಕೊಳ್ಳುವಂತಿರಲಿಲ್ಲ. ವೇದಿಕೆಯಾದರೆ ಭಾಷಣ ಮುಗಿಸಿ ಕಾರು ಹತ್ತಬಹುದು. ಲಾಂಚಿನಲ್ಲಿ ಸುತ್ತಲೂ ನೀರು. “ಸೇತುವೆ ಎಲ್ಲಿ ಸ್ವಾಮಿ, ಕಾರಿನ ಡಿಕ್ಕಿಯಲ್ಲಿ ಉಂಟಾ?” ಎಂದು ಒಬ್ಬರು ಕೇಳಿದರೆ, “ಕಳೆದ ಸಲ ಕಳಿಸಿದ್ದರು ಮಾರಾಯ, ಹೊಳೆಯಲ್ಲಿ ತೇಲಿ ಹೋಯ್ತು” ಎಂದು ಇನ್ನೊಬ್ಬರು ಅಭ್ಯರ್ಥಿಯ ಪರವಾಗಿ ಉತ್ತರಿಸುತ್ತಿದ್ದರು. ಯಾವ ಪಕ್ಷದವರಿಗೂ ರಿಯಾಯಿತಿ ಇರಲಿಲ್ಲ.

ಈ ಕುಶಾಲಿಗೆ ಕಟ್ಟುಪಾಡು ಇತ್ತು. ಬರೆದಿಟ್ಟದ್ದಲ್ಲ, ಆದರೆ ಮೀಸೆ ಮೂಡುವ ವಯಸ್ಸಿಗೆ ಎಲ್ಲರಿಗೂ ತಿಳಿದಿರುತ್ತಿತ್ತು. ಎದುರಿಗೇ ಹೇಳಬೇಕು, ಬೆನ್ನ ಹಿಂದೆ ಅಲ್ಲ. ತಿರುಗಿ ಹೇಳಲು ಬಾಯಿ ಬರುವವನಿಗೇ ಹೇಳಬೇಕು. ಹಸಿವು, ಸಾವು, ಮಕ್ಕಳಿಲ್ಲದ್ದು, ಮನೆಯ ಹೆಣ್ಣುಮಕ್ಕಳ ಮಾನ, ಇವನ್ನು ಮುಟ್ಟಬಾರದು. ಕಾಯಿಲೆಯ ಬಗ್ಗೆ ಕಾಯಿಲೆಯವನೇ ಮೊದಲು ನಗಬೇಕು, ಆಮೇಲೆ ಬೇರೆಯವರು. ಕೊನೆಯ ಮಾತು ಕಿಚಾಯಿಸಿಕೊಂಡವನದ್ದು.

ಈ ಕಟ್ಟು ಮುರಿದದ್ದನ್ನೂ ಕಂಡಿದ್ದೇನೆ. ಒಂದು ಕಡುಬೇಸಿಗೆ. ನೀರು ಎಷ್ಟು ಇಳಿದಿತ್ತೆಂದರೆ ಹಳೆಯ ಮನೆಗಳ ಅಡಿಪಾಯದ ಕಲ್ಲು, ಬಾವಿಯ ಕಟ್ಟೆ ಎಲ್ಲ ದೂರಕ್ಕೆ ಕಾಣುತ್ತಿದ್ದವು. ಮುಳುಗಡೆಯಲ್ಲಿ ಗಂಡನ ಮನೆ ಕಳೆದುಕೊಂಡ ಅಜ್ಜಿಯೊಬ್ಬರು ಲಾಂಚಿನಲ್ಲಿದ್ದರು. ಹುಡುಗನೊಬ್ಬ ಉತ್ಸಾಹದಲ್ಲಿ, “ಅಜ್ಜೀ, ನಿಮ್ಮ ಮನೆ ಮೇಲೆ ಬಂತು ನೋಡಿ, ಬೀಗದ ಕೈ ತಂದಿದ್ದೀರಾ?” ಎಂದುಬಿಟ್ಟ. ಯಾರೂ ನಗಲಿಲ್ಲ. ದಿನಾ ಎಲ್ಲರನ್ನೂ ಗೋಳು ಹೊಯ್ದುಕೊಳ್ಳುತ್ತಿದ್ದ ಹಿರಿಯರೊಬ್ಬರು ಎದ್ದು ಬಂದು ಹುಡುಗನ ಭುಜ ಹಿಡಿದರು. ಅವರು ಬಾಯಿ ತೆರೆಯುವ ಮೊದಲೇ ಅಜ್ಜಿ, “ಬೀಗ ಹಾಕಿರಲಿಲ್ಲ ಮಾಣಿ, ನೀರಿಗೆ ಬೀಗ ತಾಗ್ತದಾ?” ಎಂದರು. ಹುಡುಗ ಕಾಲಿಗೆರಗಿದ. ಅಜ್ಜಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆ ಕಲ್ಲುಗಳಲ್ಲಿ ಯಾವುದು ಕೊಟ್ಟಿಗೆ, ಯಾವುದು ಬಚ್ಚಲು, ಎಲ್ಲಿ ಕಣಜ ಇತ್ತು ಎಂದು ಬೆರಳು ತೋರಿಸಿ ಹೇಳಿದರು. ಮುಳುಗಿದ ಊರಿನ ಪಾಠ ಆ ಹುಡುಗನಿಗೆ ಯಾವ ಶಾಲೆಯಲ್ಲೂ ಅಷ್ಟು ಚೆನ್ನಾಗಿ ಸಿಕ್ಕಿರಲಾರದು.

ಕುಶಾಲಿನಲ್ಲಿ ಎದುರಾಳಿಗಳಾದವರು ಕಷ್ಟದಲ್ಲಿ ಹೇಗಿದ್ದರು ಎಂಬುದನ್ನೂ ಹೇಳಬೇಕು. ಸಂಜೆಯ ಕೊನೆಯ ಲಾಂಚ್ ಹೋದ ಮೇಲೆ ನಮ್ಮ ಸೀಮೆಗೆ ಬಾಗಿಲು ಹಾಕಿದಂತೆ. ಹಾವು ಕಚ್ಚಿದರೆ, ಹೆರಿಗೆ ನೋವು ಕಾಣಿಸಿಕೊಂಡರೆ, ಎದೆನೋವು ಬಂದರೆ ದಡಕ್ಕೆ ಓಡಿ ಲಾಂಚಿನವರನ್ನು ಎಬ್ಬಿಸಬೇಕಿತ್ತು. ನಾನು ಹೇಳಿದ ಆ ಕೊನೆಗೌಡರು ಒಮ್ಮೆ ಮರದಿಂದ ಬಿದ್ದರು. ಕತ್ತಲಾಗಿತ್ತು. ಜೀಪು ತಂದವರು ಅದೇ ಹೆಗಡೇರು. ಊಟಕ್ಕೆ ಕೂತಿದ್ದ ಡ್ರೈವರ್ ಎದ್ದು ಬಂದು ಲಾಂಚ್ ಚಾಲೂ ಮಾಡಿದರು. ಸಾಗರದ ಆಸ್ಪತ್ರೆ ತಲುಪುವ ತನಕ ಗೌಡರ ತಲೆ ಹೆಗಡೇರ ತೊಡೆಯ ಮೇಲಿತ್ತು. ತಿಂಗಳುಗಟ್ಟಲೆ ಆಚೆಗೆ ಗೌಡರು ಕೋಲು ಊರಿಕೊಂಡು ಲಾಂಚಿಗೆ ಬಂದ ದಿನ ಯಾರೂ ಏನೂ ಅನ್ನಲಿಲ್ಲ, ಕಾದರು. ಗೌಡರೇ ಶುರು ಮಾಡಿದರು. “ಒಡೆಯಾ, ಮರ ನಿಮ್ಮದು, ಬಿದ್ದವ ನಾನು, ಲೆಕ್ಕ ಯಾರಿಗೆ ಬರೀಬೇಕು?” ಹೆಗಡೇರು ಹೇಳಿದರು. “ನೀನು ಹೋದೆ ಅಂದುಕೊಂಡು ನಿನ್ನ ಮುಂಗಡದ ಚೀಟಿ ಹರಿದು ಹಾಕಿಬಿಟ್ಟೆ ಮಾರಾಯ. ಈಗ ಬದುಕಿ ಬಂದು ನಷ್ಟ ಮಾಡಿದೆ.” ಚೀಟಿ ನಿಜವಾಗಿಯೂ ಹರಿದಿತ್ತು. ಸಾಲ ಮನ್ನಾ ಮಾಡಿದ್ದನ್ನು ಹಂಗಿಲ್ಲದ ಹಾಗೆ ಹೇಳುವ ದಾರಿ ಹೆಗಡೇರಿಗೆ ಗೊತ್ತಿತ್ತು, ಅದನ್ನು ಕಲಿಸಿದ್ದು ಲಾಂಚಿನ ಪಟ್ಟಿ.

ಇದು ಒಂದೇ ದಿನದಲ್ಲಿ ಬದಲಾದದ್ದಲ್ಲ. ಮೊದಲ ಬದಲಾವಣೆ ಸಿಗಂದೂರು ಚೌಡೇಶ್ವರಿಯ ಭಕ್ತರ ದಟ್ಟಣೆ. ದೇವಿಯ ಹೆಸರು ನಾಡಿನಾದ್ಯಂತ ಹಬ್ಬಿದಂತೆ ಶನಿವಾರ, ಭಾನುವಾರ, ಮಂಗಳವಾರ, ಶುಕ್ರವಾರಗಳಲ್ಲಿ ಹೊಳೆಬಾಗಿಲಿನ ರಸ್ತೆಯುದ್ದಕ್ಕೂ ಕಾರು ನಿಲ್ಲತೊಡಗಿದವು. ಭಕ್ತರಿಂದ ಊರಿಗೆ ಒಳ್ಳೆಯದೂ ಆಯಿತು. ಜೀಪು, ಅಂಗಡಿ, ಹೋಟೆಲು ನಡೆಸುವವರ ಮನೆಗಳಲ್ಲಿ ಒಲೆ ಉರಿಯಿತು. ಆದರೆ ಲಾಂಚಿನಲ್ಲಿ ನಮ್ಮ ಪಟ್ಟಿ ನಮಗೆ ಸಿಗದಾಯಿತು. ಅಪರಿಚಿತರ ನಡುವೆ ಕುಶಾಲು ಹುಟ್ಟುವುದಿಲ್ಲ. ಒಬ್ಬರನ್ನು ಕಿಚಾಯಿಸಲು ಅವರ ತೋಟ, ಮನೆ, ಮಾತು, ಮೌನ ಎಲ್ಲ ತಿಳಿದಿರಬೇಕು. ಗುಂಪಿನ ನಡುವೆ ನಾವು ಕಣ್ಣಲ್ಲೇ ನಕ್ಕು ಸುಮ್ಮನಾಗುತ್ತಿದ್ದೆವು. 2020ರ ಲಾಕ್‌ಡೌನ್ ಕಾಲದಲ್ಲಿ ಯಾತ್ರಿಕರು ನಿಂತಾಗ ಲಾಂಚ್ ಕೆಲವು ತಿಂಗಳು ಮತ್ತೆ ನಮ್ಮದಾಗಿತ್ತು. ಬಾಯಿಗೆ ಬಟ್ಟೆ ಕಟ್ಟಿಕೊಂಡು, ದೂರ ದೂರ ನಿಂತು, ಕವಳ ಹಂಚಲಾಗದೆ ನಾವು ಮಾತಾಡಿದೆವು.

ಎರಡನೆಯದು ಮೊಬೈಲು. ನಮ್ಮ ಕಡೆ ಅದು ತಡವಾಗಿ ಬಂತು, ಬಂದದ್ದೂ ಅರೆಬರೆ. ಸಿಗ್ನಲ್‌ಗಾಗಿ ಗುಡ್ಡ ಹತ್ತುತ್ತಿದ್ದ ಮಕ್ಕಳು, ನೆಟ್‌ವರ್ಕ್ ಕೊಡಿ ಎಂದು ಬೀದಿಗಿಳಿದ ಊರವರು, ಇದೆಲ್ಲ ನಿನ್ನೆ ಮೊನ್ನೆಯ ಮಾತು. ಹೊಳೆಯ ನಡುವೆ ಮಾತ್ರ ಎಲ್ಲಿಂದಲೋ ಸಿಗ್ನಲ್ ಸಿಗುತ್ತಿತ್ತು. ಹೀಗಾಗಿ ಲಾಂಚ್ ಹತ್ತಿದೊಡನೆ ಹುಡುಗರ ತಲೆ ತಗ್ಗುತ್ತಿತ್ತು. ಈಗ ಕೀಟಲೆ ಫೋನಿನಲ್ಲೂ ನಡೆಯುತ್ತದೆ. ಆದರೆ ಕೇಳಿಸಿಕೊಂಡವನ ಮುಖ ಅಲ್ಲಿ ಕಾಣುವುದಿಲ್ಲ. ಅವನು ಬಾಡಿದನೋ ನಕ್ಕನೋ ತಿಳಿಯದು. ಲಾಂಚಿನಲ್ಲಾದರೆ ಮಾತು ಅತಿಯಾದ ಗಳಿಗೆಯಲ್ಲೇ ಒಬ್ಬರು ಎದ್ದು ಬಂದು ಭುಜ ಹಿಡಿಯುತ್ತಿದ್ದರು.

ಮೂರನೆಯದು ಸೇತುವೆಯೇ. 2018ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆಯಾಯಿತು. ಕಂಬಗಳು ನೀರಿನಿಂದ ಮೇಲೇಳುವುದನ್ನು ನಾವು ಲಾಂಚಿನ ಮೇಲಿಂದಲೇ ನೋಡಿದೆವು. ಆ ವರ್ಷಗಳ ಕುಶಾಲೆಲ್ಲ ಕಂಬಗಳ ಸುತ್ತ. ದ್ವೀಪಕ್ಕೆ ಹೆಣ್ಣು ಕೊಡುವುದಿಲ್ಲ ಎಂಬ ಮಾತು ಕೇಳಿ ಕೇಳಿ ವಯಸ್ಸಾದ ನಮ್ಮ ಹುಡುಗರು ಆಗ ತಮ್ಮನ್ನು ತಾವೇ ತಮಾಷೆ ಮಾಡಿಕೊಳ್ಳುತ್ತಿದ್ದರು. “ನನ್ನ ಜಾತಕ ಆ ಎಂಟನೇ ಕಂಬದ ಮೇಲೆ ಇಟ್ಟಿದ್ದಾರೆ” ಎನ್ನುತ್ತಿದ್ದರು. ಬೇರೆ ಯಾರೂ ಅದನ್ನು ಹೇಳುವಂತಿರಲಿಲ್ಲ, ಅವರೇ ಹೇಳಿಕೊಳ್ಳಬಹುದಿತ್ತು. 2023ರ ಜೂನಿನಲ್ಲಿ ಮಳೆ ಬಾರದೆ ಹಿನ್ನೀರು ತಳ ಕಂಡು, ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸಬೇಕಾಯಿತು. ಜನ ಮಾತ್ರ ದಾಟಿದರು. ಸೇತುವೆ ಎಷ್ಟು ಅಗತ್ಯ ಎಂಬುದಕ್ಕೆ ಆಮೇಲೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಈಗ ಹೊಳೆ ದಾಟಲು ಕೆಲವು ನಿಮಿಷ ಸಾಕು. ರಾತ್ರಿ ಹನ್ನೆರಡಕ್ಕೆ ಆಂಬುಲೆನ್ಸ್ ಹೋಗುತ್ತದೆ. ಸಾಗರದ ಕಾಲೇಜಿಗೆ ಹೋದ ಮಗಳು ಕೊನೆಯ ಲಾಂಚ್ ತಪ್ಪಿಸಿಕೊಂಡಳೇನೋ ಎಂದು ತಾಯಿ ಹೊಸ್ತಿಲಲ್ಲಿ ನಿಲ್ಲಬೇಕಾಗಿಲ್ಲ. ಇದರ ಎದುರು ಯಾವ ನಗುವಿನ ನಷ್ಟವೂ ದೊಡ್ಡದಲ್ಲ. ಲಾಂಚಿನ ಕಾಲವೇ ಚೆನ್ನಾಗಿತ್ತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅವರು ರಾತ್ರಿಯ ದಡದಲ್ಲಿ ರೋಗಿಯನ್ನು ಇಟ್ಟುಕೊಂಡು ಕೂತವರಲ್ಲ.

ಆದರೂ ನಷ್ಟ ನಷ್ಟವೇ. ಸೇತುವೆಯ ಮೇಲೆ ಎದುರು ಬದುರು ಹೋಗುವ ನಾವು ಹಾರ್ನ್ ಒತ್ತಿ, ಕೈ ಎತ್ತಿ ಮುಂದೆ ಸಾಗುತ್ತೇವೆ. ಒಂದು ವಾರ ಕಾಣದವರ ಬಗ್ಗೆ ಕೇಳುವವರಿಲ್ಲ. ಕೂಲಿ ಬಾಕಿಯ ಮಾತು ಕುಶಾಲಾಗಿ ಹೊರಬರುವ ಜಾಗ ಇಲ್ಲದೆ ಮನಸ್ಸಿನಲ್ಲೇ ಹುಳಿಯುತ್ತದೆ. ಸಣ್ಣ ಬೇಲಿ ತಕರಾರು ನೇರವಾಗಿ ಠಾಣೆಗೆ ಹೋಗುವುದನ್ನು ಈಚೆಗೆ ಕಂಡೆ. ಮೊದಲಾಗಿದ್ದರೆ ಅದು ಎರಡು ಸಲ ಹೊಳೆ ದಾಟುವುದರೊಳಗೆ ಕರಗುತ್ತಿತ್ತು. ಹೊಸದಾಗಿ ಬಂದ ನೌಕರರು ಸಾಗರದಲ್ಲೇ ಮನೆ ಮಾಡಿ ದಿನಾ ಬಂದು ಹೋಗುತ್ತಾರೆ, ಅವರ ಹಾಸಿಗೆ ಸುರುಳಿ ತುಮರಿಗೆ ಬರುವುದೇ ಇಲ್ಲ.

ನಮ್ಮ ಕಷ್ಟ ನಮ್ಮನ್ನು ಒಂದು ಪಟ್ಟಿಯ ಮೇಲೆ ಕೂರಿಸಿತ್ತು. ಕಷ್ಟ ಹೋಯಿತು, ಒಳ್ಳೆಯದಾಯಿತು. ಇನ್ನು ನಾವಾಗಿ ಕೂರಬೇಕು. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ, ಸಹಕಾರಿ ಸಂಘದವರಲ್ಲಿ ನನ್ನದೊಂದು ಬೇಡಿಕೆ. ತುಮರಿ ಪೇಟೆಯಲ್ಲಿ, ಬಸ್ಸು ನಿಲ್ಲುವಲ್ಲಿ, ಎಲ್ಲ ಜಾತಿಯವರೂ ಹೆಂಗಸರೂ ನಿರಾಳವಾಗಿ ಕೂರಬಹುದಾದ ಒಂದು ದೊಡ್ಡ ಕಟ್ಟೆ ಕಟ್ಟಿಸಿ, ಮೇಲೊಂದು ಮಾಡು ಹಾಕಿಸಿ. ಅಡಿಕೆಯ ಧಾರಣೆಯನ್ನು ದಿನಾ ಸಂಜೆ ಅಲ್ಲೇ ಬರೆದು ಹಾಕಿ, ಜನ ತಾವಾಗಿ ಸೇರುತ್ತಾರೆ. ಸಾಗರದಿಂದ ಬರುವ ಮೇಷ್ಟ್ರು, ಡಾಕ್ಟರು ಸಂಜೆಯ ಬಸ್ಸಿಗೆ ಮೊದಲು ಅರ್ಧ ಗಂಟೆ ಅಲ್ಲಿ ಕೂತು ಹೋಗಲಿ.

ಹುಡುಗರಿಗೂ ಒಂದು ಮಾತು. ಕುಶಾಲು ಮಾಡಿ, ಖಂಡಿತ ಮಾಡಿ. ಹೆಸರು ಹಿಡಿದು, ಎದುರಿಗೆ ನಿಂತು ಮಾಡಿ. ನಿಮಗಿಂತ ದೊಡ್ಡವರಿಗೆ ಮಾಡಿ, ಬಿದ್ದವರಿಗೆ ಬೇಡ. ಕೊನೆಯ ಮಾತನ್ನು ಎದುರಿನವರಿಗೆ ಬಿಡಿ, ಅವರ ಮನೆಗೆ ಕಷ್ಟ ಬಂದ ದಿನ ಮೊದಲು ಓಡಿ. ಲಾಂಚಿನ ಹಿರಿಯರು ನಮಗೆ ಬಿಟ್ಟುಹೋದ ಆಸ್ತಿ ಇಷ್ಟೇ. ಸೇತುವೆಗೆ ಆರು ದಶಕ, ನೂರಾರು ಕೋಟಿ ಬೇಕಾಯಿತು. ಕಟ್ಟೆಗೆ ಅಷ್ಟು ಬೇಡ, ನಾವು ನಾಲ್ಕು ಜನ ಮನಸ್ಸು ಮಾಡಿದರೆ ಈ ಬೇಸಿಗೆಯಲ್ಲೇ ಆಗುತ್ತದೆ.